ಆಂಗ್ಲಿರು ದಿನ ಡ್ಯೂಟಿ ಹಾಕಿದ್ದು ಯಾರು?

2023ರಲ್ಲಿ ಜಂಬೊ-ವಿಸ್ಮಾ ಅನ್ನೋ ನೆದರ್‌ಲೆಂಡ್ಸ್‌ನ ಸೈಕಲ್ ತಂಡ ಜಿರೊ, ಟೂರ್, ವುಯೆಲ್ಟಾ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದಿತು. ಇಟಲಿಯ ಜಿರೊ ರೊಗ್ಲಿಚ್‌ಗೆ, ಫ್ರಾನ್ಸ್‌ನ ಟೂರ್ ವಿಂಗೆಗೋರ್‌ಗೆ, ಸ್ಪೇನ್‌ನ ವುಯೆಲ್ಟಾ ಸೆಪ್ ಕುಸ್‌ಗೆ. ಒಂದೊಂದೂ ಮೂರು ವಾರದ ರೇಸ್, ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವನು ಗೆದ್ದ ಹಾಗೆ. ಅದಕ್ಕೆ ಮುಂಚೆ ಯಾವ ತಂಡಕ್ಕೂ ಇದು ಆಗಿರಲಿಲ್ಲ. ಇಷ್ಟೆಲ್ಲ ಆದ ವರ್ಷದಲ್ಲಿ ನಾನೂ ನನ್ನ ಅಕ್ಕನ ಮಗನೂ ಇವತ್ತಿಗೂ ಕಿತ್ತಾಡೋದು ಮಾತ್ರ ಒಂದೇ ಒಂದು ಸಂಜೆಯ ಬಗ್ಗೆ. ಸೆಪ್ಟೆಂಬರ್ 13, ಬುಧವಾರ, ವುಯೆಲ್ಟಾದ ಆಂಗ್ಲಿರು ಬೆಟ್ಟ.

ಅವತ್ತು ರೊಗ್ಲಿಚ್ ಮುನ್ನಡೆಯಲ್ಲಿದ್ದ ತನ್ನದೇ ತಂಡದ ಕುಸ್‌ನನ್ನ ಹಿಂದೆ ಬಿಟ್ಟು ಹೋದ. ಅಕ್ಕನ ಮಗನ ಪ್ರಕಾರ ಅದು ದ್ರೋಹ. ನನ್ನ ಪ್ರಕಾರ ರೊಗ್ಲಿಚ್ ತಪ್ಪು ಏನೂ ಇಲ್ಲ, ತಪ್ಪು ಹಿಂದೆ ಕಾರಿನಲ್ಲಿ ಕೂತು ತಂಡ ನಡೆಸ್ತಿದ್ದವರದ್ದು. ಹೀಗೆ ಹೇಳೋಕೆ ನನಗೊಂದು ಕಾರಣ ಇದೆ. ನಾನು ಒಂದು ಬಸ್ ಡಿಪೋದಲ್ಲಿ ಡ್ರೈವರ್, ಕಂಡಕ್ಟರ್‌ಗಳಿಗೆ ಡ್ಯೂಟಿ ಹಾಕುವವನು. ಯಾವ ಶೆಡ್ಯೂಲ್ ಯಾರಿಗೆ, ಯಾರಿಗೆ ವಾರದ ರಜೆ, ಯಾರು ಬರದೇ ಇದ್ದರೆ ಯಾರನ್ನ ಹತ್ತಿಸಬೇಕು, ಇದೇ ನನ್ನ ಬದುಕು. ಬೆಳಿಗ್ಗೆ ಒಂದೇ ಗಾಡಿ ಮುಂದೆ ಇಬ್ಬರು ಡ್ರೈವರ್ ಬಂದು ನಿಂತರೆ ಬೈಸಿಕೊಳ್ಳಬೇಕಾದವನು ನಾನು, ಅವರಿಬ್ಬರಲ್ಲ.

ಸೈಕಲ್ ಹುಚ್ಚು ನನ್ನದಲ್ಲ, ಅಳಿಯನದ್ದು. ಐಟಿ ಕೆಲಸ, ಕಾರ್ಬನ್ ಸೈಕಲ್. ಭಾನುವಾರ ಬೆಳಗಾಗೋ ಮುಂಚೆ ಬಳ್ಳಾರಿ ರಸ್ತೆ ಹಿಡಿದು ನಂದಿಗೆ ಹೋಗೋ ಗುಂಪಿನಲ್ಲಿ ಅವನೂ ಒಬ್ಬ. ನಮ್ಮ ಮನೆ ಯಲಹಂಕದಲ್ಲಿ, ಅವರ ದಾರಿಯಲ್ಲೇ. ಬರೋವಾಗ ನಮ್ಮ ಮನೆಯಲ್ಲಿ ಇಡ್ಲಿ ತಿಂದು, ಲ್ಯಾಪ್‌ಟಾಪ್ ತೆಗೆದು, ಹಿಂದಿನ ದಿನದ ರೇಸ್ ತೋರಿಸೋಕೆ ಶುರು ಮಾಡಿದ. ಮೊದಮೊದಲು ನನಗೆ ಕಂಡಿದ್ದು ಬಣ್ಣಬಣ್ಣದ ಬನಿಯನ್ ಹಾಕಿದ ನೂರೈವತ್ತು ಜನ, ಸೂರ್ಯಕಾಂತಿ ಹೊಲ, ಹೆಲಿಕಾಪ್ಟರ್. ಐದು ಗಂಟೆ ಹೊತ್ತು ಏನೂ ಆಗೋದೇ ಇಲ್ಲ ಅಂತ ಎದ್ದು ಹೋಗ್ತಿದ್ದೆ.

ಒಂದಿನ ಅವನು ಆ ತಂಡದ ವರ್ಷದ ಪಟ್ಟಿ ತೋರಿಸಿದ. ಅಲ್ಲಿಗೆ ನಾನು ಬಿದ್ದೆ.

ನೋಡಿ, ದೊಡ್ಡ ದರ್ಜೆಯ ಒಂದು ತಂಡದಲ್ಲಿ ಹೆಚ್ಚಂದ್ರೆ 30 ಸವಾರರು. ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಶುರು, ಅಕ್ಟೋಬರ್‌ನಲ್ಲಿ ಚೀನಾದಲ್ಲಿ ಮುಗಿತಾಯ. ನಡುವೆ ಒಂದೇ ವಾರದಲ್ಲಿ ಇಬ್ಬಿಬ್ಬರು ನಾಯಕರು ಬೇರೆ ಬೇರೆ ದೇಶದಲ್ಲಿ. ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ನಡೀತಿರುವಾಗಲೇ ಇಟಲಿಯಲ್ಲಿ ತಿರ್ರೇನೊ–ಆಡ್ರಿಯಾಟಿಕೊ. ಎರಡಕ್ಕೂ ಜನ ಬೇಕು, ಬಸ್ ಬೇಕು, ಮೆಕ್ಯಾನಿಕ್ ಬೇಕು, ಅಡುಗೆಯವರು ಬೇಕು. ಒಬ್ಬ ಬಿದ್ದು ಕಾಲರ್ ಬೋನ್ ಮುರಿದುಕೊಂಡರೆ ಮೂರು ರೇಸಿನ ಲೆಕ್ಕ ಏರುಪೇರು. ಇನ್ನೊಬ್ಬನಿಗೆ ಎತ್ತರದ ಬೆಟ್ಟದಲ್ಲಿ ಮೂರು ವಾರ ತರಬೇತಿ ಇದೆ, ಮುಟ್ಟೋ ಹಾಗಿಲ್ಲ. ಮೂರು ವಾರದ ರೇಸಿಗೆ ತಂಡಕ್ಕೆ ಎಂಟೇ ಜನ. ನಡುವೆ ಯಾರಾದರೂ ಬಿಟ್ಟು ಹೋದರೆ ಬದಲಿ ಇಲ್ಲ. ಇದನ್ನ ಓದಿ ಆ ಪಟ್ಟಿ ಬರೆಯೋ ಮಹಾನುಭಾವ ಯಾರಪ್ಪಾ ಅನ್ನಿಸಿತು. ಬದಲಿ ಕೊಡಬೇಡಿ ಅಂತ ನನಗೇನಾದರೂ ಹೇಳಿದರೆ ನಾನು ರಾಜೀನಾಮೆ ಕೊಟ್ಟು ಮನೆಗೆ ಬರ್ತೀನಿ.

ಇದರಲ್ಲಿ ದುಡ್ಡಿನ ಕಥೆ ಬೇರೆ. ಕ್ರಿಕೆಟ್ ಥರ ಟಿಕೆಟ್ ಇಲ್ಲ, ರಸ್ತೆ ಬದಿ ನಿಂತು ಯಾರು ಬೇಕಾದರೂ ನೋಡಬಹುದು. ದುಡ್ಡೆಲ್ಲ ಬರೋದು ಪ್ರಾಯೋಜಕರಿಂದ, ಅದಕ್ಕೇ ತಂಡಕ್ಕೆ ಅವರದ್ದೇ ಹೆಸರು. ಈ ತಂಡ 1996ರಿಂದ ರಾಬೊಬ್ಯಾಂಕ್. ಡೋಪಿಂಗ್ ಹಗರಣದ ಗಲಾಟೆಯಲ್ಲಿ 2012ರಲ್ಲಿ ಬ್ಯಾಂಕು ಕೈ ಬಿಟ್ಟಿತು. 2013ರಲ್ಲಿ ಸ್ವಲ್ಪ ದಿನ ಪ್ರಾಯೋಜಕರೇ ಇಲ್ಲದೆ ಬ್ಲಾಂಕೊ ಅನ್ನೋ ಹೆಸರಲ್ಲಿ ಓಡಿದರು. ಆಮೇಲೆ ಬೆಲ್ಕಿನ್, ಲೊಟ್ಟೊ, ಜಂಬೊ. ಜಂಬೊ ಅಂದರೆ ಅಲ್ಲಿನ ಸೂಪರ್ ಮಾರ್ಕೆಟ್. ತರಕಾರಿ ಅಂಗಡಿ ಹೆಸರು ಎದೆ ಮೇಲೆ ಹಾಕಿಕೊಂಡು ಆಲ್ಪ್ಸ್ ಹತ್ತೋದು ನಮ್ಮವಳಿಗೆ ಬಹಳ ಇಷ್ಟ ಆಯಿತು.

ಅವಳಿಗೆ ಇಷ್ಟ ಆದ ಇನ್ನೊಂದು ವಿಷಯ ಅನ್ನ. ದಿನಾ ಬೆಳಿಗ್ಗೆ ತಂಡದ ಸಹಾಯಕರು ಅನ್ನ ಬೇಯಿಸಿ, ಅಂಟಂಟಾಗಿ ತಟ್ಟಿ, ಚೌಕಚೌಕ ಕತ್ತರಿಸಿ, ಫಾಯಿಲ್‌ನಲ್ಲಿ ಸುತ್ತಿ ಇಡ್ತಾರೆ. ಸವಾರರು ಅದನ್ನ ಬೆನ್ನಿನ ಜೇಬಲ್ಲಿ ತುಂಬಿಕೊಂಡು ಹೋಗ್ತಾರೆ, ಓಡಿಸ್ತಾನೇ ಒಂದು ಕೈಯಲ್ಲಿ ಬಿಚ್ಚಿ ತಿಂತಾರೆ. ಜೊತೆಗೆ ಸಕ್ಕರೆಯ ಜೆಲ್, ಸಕ್ಕರೆ ನೀರು. ಈಗೀಗ ಕಷ್ಟದ ದಿನಗಳಲ್ಲಿ ಗಂಟೆಗೆ 100 ಗ್ರಾಂಗಿಂತ ಜಾಸ್ತಿ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತೆ. "ಅನ್ನ ತಿಂದ್ರೆ ಹೊಟ್ಟೆ ಬರುತ್ತೆ ಅಂತ ನಮಗೆ ಹೇಳ್ತೀಯಲ್ಲೋ" ಅಂತ ಅವಳು ಅಳಿಯನನ್ನ ಹಿಡಿದುಕೊಂಡಳು. "ಅತ್ತೆ, ನೀವು 200 ಕಿಲೋಮೀಟರ್ ತುಳೀರಿ, ಆಮೇಲೆ ಮಾತಾಡಣ" ಅಂದ.

ಎಂಟು ಜನ ಯಾಕೆ ಬೇಕು ಅನ್ನೋದೂ ಅವನೇ ಹೇಳಿದ್ದು. ಮುಂದಿನವನ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಸಪಾಟು ರಸ್ತೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಶಕ್ತಿ ಉಳಿಯುತ್ತೆ. ಹಾಗಾಗಿ ಏಳು ಜನ ಗಾಳಿಗೆ ಎದೆ ಕೊಡ್ತಾರೆ, ಒಬ್ಬ ಹಿಂದೆ ಕೂತು ಕಾಲು ಉಳಿಸಿಕೊಳ್ತಾನೆ. ತಂಡದ ಕಾರಿನ ತನಕ ಹಿಂದೆ ಹೋಗಿ ಏಳೆಂಟು ಬಾಟಲಿ ಜೆರ್ಸಿಯೊಳಗೆ ತುರುಕಿಕೊಂಡು ಬಂದು ಹಂಚೋದೂ ಈ ಏಳು ಜನರದ್ದೇ ಕೆಲಸ. ಹಿಂದಿನ ವರ್ಷಗಳಲ್ಲಿ ರೊಗ್ಲಿಚ್‌ಗೆ, ವಿಂಗೆಗೋರ್‌ಗೆ ಬೆಟ್ಟದಲ್ಲಿ ಕೊನೆವರೆಗೂ ಜೊತೆಯಲ್ಲಿ ಉಳೀತಿದ್ದವನು ಸೆಪ್ ಕುಸ್. ಅಮೆರಿಕದ ಕೊಲರಾಡೊದ ಡುರಾಂಗೊ ಊರಿನವನು. ಸದಾ ನಗು. ನಮ್ಮ ಡಿಪೋದಲ್ಲೂ ಇಂಥವರು ಒಬ್ಬಿಬ್ಬರು ಇರ್ತಾರೆ. ಹಬ್ಬದ ದಿನ ಬರ್ತೀಯಾ ಅಂದರೆ "ಆಯ್ತು ಸಾರ್" ಅಂತಾರೆ. ಅವರಿಗೆ ಕೆಲಸ ಹಾಕೋದು ತುಂಬಾ ಸುಲಭ. ಆ ಸುಲಭದಲ್ಲೇ ಅಪಾಯ ಇರೋದು.

ಸರಿ, ವರ್ಷಕ್ಕೆ ಬರೋಣ.

ಫೆಬ್ರವರಿ ಕೊನೆಯ ಶನಿವಾರ ಬೆಲ್ಜಿಯಂನ ಓಮ್ಲೂಪ್ ರೇಸ್ ಗೆದ್ದವನು ಇದೇ ತಂಡದ ಡಿಲನ್ ವಾನ್ ಬಾರ್ಲೆ. ಮಾರನೇ ದಿನ ಕುರ್ನೆ–ಬ್ರಸೆಲ್ಸ್–ಕುರ್ನೆಯಲ್ಲಿ ತೀಶ್ ಬೆನೂಟ್ ಮೊದಲು, ಅದೇ ತಂಡದ ನೇಥನ್ ವಾನ್ ಹೂಯ್‌ಡಾಂಕ್ ಎರಡನೇದು. ಮಾರ್ಚ್ 26ರ ಗೆಂಟ್–ವೆವೆಲ್ಗೆಮ್‌ನಲ್ಲಂತೂ ವೌಟ್ ವಾನ್ ಆರ್ಟ್, ಕ್ರಿಸ್ಟೊಫ್ ಲಾಪೋರ್ಟ್ ಇಬ್ಬರೇ ಗುರಿಗೆ ಇನ್ನೂ 50 ಕಿಲೋಮೀಟರಿಗಿಂತ ಜಾಸ್ತಿ ಇರುವಾಗಲೇ ಎಲ್ಲರನ್ನೂ ಬಿಟ್ಟು ಹೊರಟರು. ಮಳೆ, ಕೆಸರು. ಕೊನೆಯಲ್ಲಿ ವಾನ್ ಆರ್ಟ್ ಪಕ್ಕಕ್ಕೆ ಸರಿದು ಲಾಪೋರ್ಟ್‌ಗೆ ಗೆಲುವು ಬಿಟ್ಟುಕೊಟ್ಟ. ಆಮೇಲೆ ಬೆಲ್ಜಿಯಂನಲ್ಲಿ ಹಳೇ ತಲೆಗಳು ಇವನನ್ನ ಬೈದಿದ್ದೇ ಬೈದಿದ್ದು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಇಬ್ಬರೂ ಮಾತಾಡಿಕೊಂಡು ಮಾಡಿದ ಕೆಲಸ. ನಡುವೆ ಗೊಂದಲ ಇರಲಿಲ್ಲ.

ಆದರೆ ಅತಿ ದೊಡ್ಡ ಒಂದು ದಿನದ ರೇಸು ಅಂತ ಐದಿವೆಯಲ್ಲ, ಮಿಲಾನ್–ಸಾನ್ರೆಮೊ, ಫ್ಲಾಂಡರ್ಸ್, ಪ್ಯಾರಿಸ್–ರೂಬೆ, ಲಿಯೇಜ್, ಲೊಂಬಾರ್ಡಿಯಾ, ಅವುಗಳಲ್ಲಿ ಒಂದೂ ಆ ವರ್ಷ ಈ ತಂಡಕ್ಕೆ ದಕ್ಕಲಿಲ್ಲ. ರೂಬೆಯಲ್ಲಿ ವಾನ್ ಆರ್ಟ್ ಮುಂದೆ ಇದ್ದ, ಕಲ್ಲು ಹಾಸಿನ ಮೇಲೆ ಪಂಕ್ಚರ್ ಆಯಿತು. ಮೂರನೇ ಸ್ಥಾನ. ಎಲ್ಲ ಗೆದ್ದರು ಅಂತ ಹೇಳೋರು ಇದನ್ನ ಮರೀತಾರೆ.

ಮೇ ತಿಂಗಳು ನನ್ನ ಪಾಲಿಗೆ ಚುನಾವಣೆ. 10ನೇ ತಾರೀಕು ವಿಧಾನಸಭೆ ಮತದಾನ, ಮತಗಟ್ಟೆ ಸಿಬ್ಬಂದಿಗೆ ಬಸ್ಸು, ಇರೋ ಗಾಡಿಯಲ್ಲಿ ಊರೂ ನಡೀಬೇಕು. ಅದೇ ವಾರ ಜಿರೊ ಶುರು. ಹೊರಡೋ ಹೊತ್ತಿಗೆ ಜಂಬೊ ತಂಡದಲ್ಲಿ ಕೋವಿಡ್, ಕೊನೇ ಗಳಿಗೆಯಲ್ಲಿ ಹೆಸರುಗಳು ಅದಲುಬದಲು. ಇದನ್ನ ಕೇಳಿದಾಗ ನನಗೆ ಅಲ್ಲಿ ಯಾರೋ ನಮ್ಮವರು ಸಿಕ್ಕ ಹಾಗಾಯಿತು.

ಆ ಜಿರೊದಲ್ಲಿ ನೋಡಬೇಕಾದ್ದು 20ನೇ ದಿನ, ಮೊಂಟೆ ಲುಸ್ಸಾರಿ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡೋ ಸ್ಪರ್ಧೆ, ಕೊನೆಗೆ ಗೋಡೆಯಂಥ ಬೆಟ್ಟ. ಮುನ್ನಡೆಯಲ್ಲಿದ್ದ ಜೆರೈಂಟ್ ಥಾಮಸ್‌ಗಿಂತ ರೊಗ್ಲಿಚ್ 26 ಸೆಕೆಂಡ್ ಹಿಂದೆ ಇದ್ದ. ಬುಡದಲ್ಲಿ ಸೈಕಲ್ ಬದಲಾಯಿಸಿದ. ಕಡಿದಾದ ಜಾಗದಲ್ಲಿ ಚೈನ್ ಕಳಚಿತು. ಇಳಿದ, ಕೈಯಲ್ಲೇ ಚೈನ್ ಕೂರಿಸೋಕೆ ನೋಡಿದ, ಹಿಂದಿನ ಮೋಟಾರ್ ಸೈಕಲಿನಿಂದ ಮೆಕ್ಯಾನಿಕ್ ಓಡಿ ಬಂದ, ರಸ್ತೆ ಬದಿಯ ಒಬ್ಬ ಹಿಂದಿನಿಂದ ತಳ್ಳಿದ. ಅಳಿಯ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಆದರೂ ಅವತ್ತಿನ ಹಂತ ಗೆದ್ದ, ಥಾಮಸ್‌ಗಿಂತ 14 ಸೆಕೆಂಡ್ ಮುಂದಾಗಿ ಜಿರೊನೂ ಗೆದ್ದ. ಇವನು ಮೊದಲು ಸ್ಕೀ ಜಂಪಿಂಗ್ ಮಾಡ್ತಿದ್ದವನು, ಸೈಕಲಿಗೆ ಬಂದಿದ್ದೇ ತಡವಾಗಿ. ಅವತ್ತಿನಿಂದ ನಾನು ರೊಗ್ಲಿಚ್ ಪಕ್ಷ, ಮುಚ್ಚುಮರೆ ಇಲ್ಲ.

ಜೂನ್ 11ಕ್ಕೆ ಇಲ್ಲಿ ಶಕ್ತಿ ಯೋಜನೆ ಶುರು, ಅವತ್ತೇ ಅಲ್ಲಿ ವಿಂಗೆಗೋರ್ ಫ್ರಾನ್ಸ್‌ನ ಡೊಫಿನೆ ರೇಸ್ ಗೆದ್ದ. ನನಗೆ ಡೊಫಿನೆ ಏನೂ ನೆನಪಿಲ್ಲ, ಬಸ್ಸಿನ ಬಾಗಿಲುಗಳಷ್ಟೇ ನೆನಪಿವೆ. ಜುಲೈನ ಟೂರ್ ಬಗ್ಗೆ ಜಾಸ್ತಿ ಹೇಳೋಲ್ಲ, ಎಲ್ಲರೂ ಬರೆದಿದ್ದಾರೆ. ಎರಡು ವಾರ ವಿಂಗೆಗೋರ್, ಬೇರೆ ತಂಡದ ಪೊಗಾಚರ್ ಸೆಕೆಂಡುಗಳಲ್ಲಿ ಹೊಡೆದಾಡಿದರು. ಕೊಂಬ್ಲೂ ಹತ್ತಿರದ 22.4 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ವಿಂಗೆಗೋರ್ 1 ನಿಮಿಷ 38 ಸೆಕೆಂಡ್ ಮುಂದೆ ಬಂದ. ಮಾರನೇ ದಿನ ಕೋಲ್ ಡಿ ಲಾ ಲೋಜ್ ಬೆಟ್ಟದಲ್ಲಿ ಪೊಗಾಚರ್ ಪೂರ್ತಿ ಕುಸಿದ. ಪ್ಯಾರಿಸ್ ಮುಟ್ಟೋ ಹೊತ್ತಿಗೆ ಅಂತರ 7 ನಿಮಿಷ 29 ಸೆಕೆಂಡ್. ಕುಸ್ ಆ ಟೂರ್‌ನಲ್ಲೂ ಇದ್ದ, ಕೊನೆಗೆ ಬಿದ್ದು ಮುಖಕ್ಕೆ ಗಾಯ ಮಾಡಿಕೊಂಡ. ಜಿರೊದಲ್ಲೂ ಇದ್ದ. ಒಂದೇ ವರ್ಷ ಮೂರನೇದಕ್ಕೂ, ಆಗಸ್ಟ್ 26ಕ್ಕೆ ಬಾರ್ಸಿಲೋನಾದಲ್ಲಿ ಶುರುವಾದ ವುಯೆಲ್ಟಾಗೂ ಅವನನ್ನೇ ಕರೆದುಕೊಂಡು ಹೋದರು.

ವುಯೆಲ್ಟಾಗೆ ನಾಯಕರು ಇಬ್ಬರು, ವಿಂಗೆಗೋರ್ ಮತ್ತು ರೊಗ್ಲಿಚ್. ಇಲ್ಲೇ ನನ್ನ ಕಿವಿ ನೆಟ್ಟಗಾಗಿತ್ತು. ರೊಗ್ಲಿಚ್ ಅದಾಗಲೇ ಮೂರು ವುಯೆಲ್ಟಾ ಗೆದ್ದಿದ್ದ. ನಾಲ್ಕನೇದು ಗೆದ್ದರೆ ರೊಬೆರ್ತೊ ಎರಾಸ್ ದಾಖಲೆಗೆ ಸಮ. ಇಂಥವನನ್ನ ಕರೆದು ತಂದಮೇಲೆ ಏನಕ್ಕೆ ತಂದಿದ್ದೀವಿ ಅಂತ ಅವನಿಗೆ ಹೇಳಿರಬೇಕು, ಅಲ್ವಾ?

ಆರನೇ ದಿನ ದೊಡ್ಡ ಗುಂಪೊಂದು ಮುಂದೆ ಓಡಿತು, ಅದರಲ್ಲಿ ಕುಸ್. ಹಾವಲಾಂಬ್ರೆ ಬೆಟ್ಟದ ಮೇಲೆ ಹಂತ ಗೆದ್ದ. ಎಂಟನೇ ದಿನ, ಒಟ್ಟು ಪಟ್ಟಿಯಲ್ಲಿ ಮೊದಲಿರೋನು ಹಾಕೋ ಕೆಂಪು ಜೆರ್ಸಿ ಅವನ ಮೈಮೇಲೆ. ಟೈಮ್ ಟ್ರಯಲ್‌ನಲ್ಲಿ ಕಳಕೊಳ್ತಾನೆ ಅಂದುಕೊಂಡರು, ಉಳಿಸಿಕೊಂಡ. 13ನೇ ದಿನ ಟೂರ್ಮಲೆ ಬೆಟ್ಟ. ಹಿಂದಿನ ವರ್ಷ ಗೆದ್ದಿದ್ದ ಎವೆನೆಪೂಲ್ ಅವತ್ತು 27 ನಿಮಿಷ ಕಳಕೊಂಡು ಲೆಕ್ಕದಿಂದಲೇ ಹೊರಗೆ. ಮೇಲೆ ಬಂದವರು ವಿಂಗೆಗೋರ್, ಕುಸ್, ರೊಗ್ಲಿಚ್, ಅದೇ ಸಾಲಲ್ಲಿ. ಅಲ್ಲಿಂದ ಮುಂದೆ ಒಟ್ಟು ಪಟ್ಟಿಯಲ್ಲೂ ಮೊದಲ ಮೂವರು ಇವರೇ. ಬೇರೆ ತಂಡದವರು ಯಾರೂ ಹತ್ತಿರ ಇಲ್ಲ.

ನನ್ನ ವಾದ ನಿಲ್ಲೋದು ಇಲ್ಲೇ. ಹತ್ತಿರ ಯಾರೂ ಇಲ್ಲ ಅಂದಮೇಲೆ ಅವತ್ತು ರಾತ್ರಿ ಹೋಟೆಲಿನಲ್ಲಿ ಮೂವರನ್ನೂ ಕೂರಿಸಿ, ಇಂಥವನು ಗೆಲ್ತಾನೆ, ಉಳಿದಿಬ್ಬರು ಅವನಿಗೆ ಕೆಲಸ ಮಾಡ್ತೀರಿ ಅನ್ನಬಹುದಿತ್ತು. ಇಲ್ಲ, ಮೂವರೂ ಓಡಿ, ಗಟ್ಟಿಯಾದವನು ಗೆಲ್ಲಲಿ ಅಂತಲಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೊರಗಿನವರಿಗೆ ಕಂಡಿದ್ದು ಎರಡೂ ಅಲ್ಲ. ಒಂದಿನ ಹಾಗೆ, ಒಂದಿನ ಹೀಗೆ.

ಸೆಪ್ಟೆಂಬರ್ 12ರ ಬೆಳಿಗ್ಗೆ ಕೆಟ್ಟ ಸುದ್ದಿ. ಬೆಲ್ಜಿಯಂನಲ್ಲಿ ಇದೇ ತಂಡದ ವಾನ್ ಹೂಯ್‌ಡಾಂಕ್ ಕಾರು ಓಡಿಸ್ತಿರುವಾಗ ಹೃದಯದ ತೊಂದರೆ, ಆಸ್ಪತ್ರೆ. ಬದುಕಿದ, ಆದರೆ ಅಲ್ಲಿಗೆ ಸವಾರಿ ಮುಗಿಯಿತು. ಆ ದಿನ ಏನಾಗುತ್ತೋ ಅಂತ ಯಾರಿಗೂ ಗೊತ್ತಿರಲಿಲ್ಲ. ವಿಂಗೆಗೋರ್ ಬೆಹೆಸ್ ಬೆಟ್ಟದಲ್ಲಿ ಒಬ್ಬನೇ ಹೊರಟು ಗೆದ್ದು, ಗೆಲುವನ್ನ ಗೆಳೆಯನಿಗೆ ಅರ್ಪಿಸಿದ. ಅದರ ಜೊತೆಗೇ ಕುಸ್‌ನ ಮುನ್ನಡೆ ಬರೀ 29 ಸೆಕೆಂಡಿಗೆ ಇಳಿಯಿತು. ಅವತ್ತು ಯಾರನ್ನಾದರೂ ಏನಂತ ಕೇಳೋದು?

ಮಾರನೇ ದಿನ ಆಂಗ್ಲಿರು. ಅವತ್ತು ಕುಸ್‌ಗೆ 29 ತುಂಬಿತು, ಹುಟ್ಟಿದ ದಿನ.

ನಂದಿ ಹತ್ತಿದವರಿಗೆ ಲೆಕ್ಕ ಸುಲಭವಾಗಿ ಸಿಗುತ್ತೆ. ನಂದಿ ಏಳೂವರೆ ಕಿಲೋಮೀಟರ್ ಆಸುಪಾಸು, ಸರಾಸರಿ ಆರು ಪರ್ಸೆಂಟ್ ಏರು. ಆಂಗ್ಲಿರು 12 ಕಿಲೋಮೀಟರಿಗೂ ಜಾಸ್ತಿ, ಸರಾಸರಿ ಹತ್ತು ಪರ್ಸೆಂಟ್, ಕೊನೆಗೆ 20 ದಾಟಿದ ಜಾಗಗಳೂ ಇವೆ. ಅಂಥ ಕಡೆ ಸೈಕಲ್ ನಡಿಗೆಗಿಂತ ಸ್ವಲ್ಪ ಜೋರು, ಅಷ್ಟೇ. ಗಾಳಿ ಮರೆ ಸಿಗೋದಿಲ್ಲ. ಜೊತೆಯವನು ಮುಂದೆ ಇದ್ದರೆ ಸಿಗೋದು ಒಂದು ಲಯ, ಒಂದು ಧೈರ್ಯ.

ನಮ್ಮ ಮನೆಯ ಹಾಲ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತು. ಮುಂದೆ ಮೂರೂ ಜನ ಒಟ್ಟಿಗೆ. ರೊಗ್ಲಿಚ್ ವೇಗ ಏರಿಸಿದ. ವಿಂಗೆಗೋರ್ ಚಕ್ರ ಬಿಡಲಿಲ್ಲ. ಕೆಂಪು ಜೆರ್ಸಿ ಒಂದು ಗೇಣು ಹಿಂದೆ ಬಿತ್ತು, ಆಮೇಲೆ ಒಂದು ಮಾರು, ಆಮೇಲೆ ಮಂಜಿನಲ್ಲಿ ಕಾಣದ ಹಾಗಾಯಿತು. ಮುಂದಿನ ಇಬ್ಬರೂ ಕಾಯಲಿಲ್ಲ. ಕುಸ್‌ಗೆ ಆಗ ಲಯ ಕೊಟ್ಟವನು ಬೇರೆ ತಂಡದ ಮಿಕೆಲ್ ಲಾಂಡಾ. ಅವನ ಚಕ್ರ ಹಿಡಿದು ಹತ್ತಿ, ಮೇಲೆ ಮೂರನೆಯವನಾಗಿ ಮುಟ್ಟಿದ. ಮೂರನೆಯವನಿಗೆ ಸಿಗೋ ನಾಲ್ಕು ಸೆಕೆಂಡ್ ಬೋನಸ್ಸೂ ಸಿಕ್ಕಿತು. ಕಳಕೊಂಡಿದ್ದು 19 ಸೆಕೆಂಡ್. ಎಲ್ಲ ಕೂಡಿ ಕಳೆದು ಜೆರ್ಸಿ ಉಳಿದಿದ್ದು ಎಂಟೇ ಸೆಕೆಂಡಿನಲ್ಲಿ.

"ಥೂ" ಅಂದ ಅಳಿಯ. "ಮೂರು ರೇಸ್ ಅವರಿಗೋಸ್ಕರ ದುಡಿದವನು ಮಾವ ಅವನು."

ನಿಜ. ಆದರೆ ರೊಗ್ಲಿಚ್ ಜಾಗದಲ್ಲಿ ನಿಂತು ನೋಡು ಅಂದೆ. ದಾಖಲೆಗೆ ಒಂದು ಗೆಲುವು ಬಾಕಿ. ಹಿಂದಿನ ದಿನ ವಿಂಗೆಗೋರ್ ಒಂದು ನಿಮಿಷ ಕಿತ್ತುಕೊಂಡಿದ್ದಾನೆ, ಯಾರೂ ತಡೆದಿಲ್ಲ. ಓಡಬೇಡ ಅಂತ ಇವನಿಗೆ ಹೇಳಿದ್ದು ಎಲ್ಲಿ? ಕಿವಿಯಲ್ಲಿ ರೇಡಿಯೋ ಇದೆ, ಹಿಂದೆ ಕಾರಿದೆ. ಒಂದು ಮಾತು ಸಾಕಿತ್ತು. ಮಾತು ಬರದೇ ಇದ್ದಾಗ ಗಾಡಿ ಹತ್ತಿದವನನ್ನ ನಾನು ಬೈಯಲ್ಲ. ನಾವೇ ಬೋರ್ಡಿಗೆ ಹೆಸರು ಬರೆಯದೆ ಬಿಟ್ಟು, ಹಿರಿಯವನು ಕೀ ಎತ್ತಿಕೊಂಡು ಹೋದ ಅಂತ ಕಿರಿಯವನ ಹತ್ತಿರ ಹೋಗಿ ಅಯ್ಯೋ ಅನ್ನೋದು ಯಾವ ನ್ಯಾಯ?

ಆ ರಾತ್ರಿ ಪ್ರಪಂಚದಲ್ಲೆಲ್ಲ ಗಲಾಟೆ ಆಯಿತು. ಆಮೇಲೆ ತಂಡ ತೀರ್ಮಾನ ಮಾಡಿತು, ಕುಸ್‌ನೇ ಗೆಲ್ಲಬೇಕು ಅಂತ. 18ನೇ ದಿನ ವಿಂಗೆಗೋರ್ ಕುಸ್‌ಗಾಗಿ ಮುಂದೆ ನಿಂತು ಎಳೆದ. ಅಂತರ ಎಂಟರಿಂದ 17 ಸೆಕೆಂಡಿಗೆ ಏರಿತು, ಮ್ಯಾಡ್ರಿಡ್‌ವರೆಗೂ ಅಷ್ಟೇ ಇತ್ತು. ಕುಸ್, ವಿಂಗೆಗೋರ್, ರೊಗ್ಲಿಚ್, ಮೂವರೂ ಒಂದೇ ತಂಡದವರು ವೇದಿಕೆ ಮೇಲೆ. ನಮ್ಮ ಮನೆಯಲ್ಲಿ ಗೌರಿ ಹಬ್ಬದ ಬಾಗಿನ ಜೋಡಿಸ್ತಾ ನೋಡಿದ್ವಿ. ಅದೇ ತೀರ್ಮಾನ ಐದು ದಿನ ಮುಂಚೆ, ಟೂರ್ಮಲೆ ರಾತ್ರಿ ಆಗಿದ್ದರೆ ಮೂವರ ಹೆಸರೂ ಚೆನ್ನಾಗಿ ಉಳೀತಿತ್ತು.

ಆಮೇಲಿನದ್ದು ಬೇಗ ಬೇಗ ಆಯಿತು. ಇನ್ನೊಂದು ದೊಡ್ಡ ತಂಡದ ಜೊತೆ ವಿಲೀನ ಅಂತ ಸುದ್ದಿ ಎದ್ದು ತಣ್ಣಗಾಯಿತು. ರೊಗ್ಲಿಚ್ ಬೋರಾ ತಂಡಕ್ಕೆ ಹೋದ. ಜಂಬೊ ಹೆಸರು ಹೋಗಿ ವಿಸ್ಮಾ–ಲೀಸ್ ಎ ಬೈಕ್ ಆಯಿತು. 2024ರ ವಸಂತದಲ್ಲಿ ವಾನ್ ಆರ್ಟ್, ವಿಂಗೆಗೋರ್ ಇಬ್ಬರೂ ಬೇರೆ ಬೇರೆ ರೇಸಿನಲ್ಲಿ ಕೆಟ್ಟದಾಗಿ ಬಿದ್ದರು. ಪಟ್ಟಿ ಚಿಂದಿ. ಆ ವರ್ಷದ ವುಯೆಲ್ಟಾ ಗೆದ್ದಿದ್ದು ಹೊಸ ತಂಡದ ರೊಗ್ಲಿಚ್, ಅವನ ನಾಲ್ಕನೇದು. ನಾಯಕನಾಗಿ ಬಂದಿದ್ದ ಕುಸ್ ಮೊದಲ ಹತ್ತರಲ್ಲೂ ಇರಲಿಲ್ಲ. ನಾನು ಏನೂ ಮಾತಾಡಲಿಲ್ಲ, ಅಳಿಯನ ಮುಖ ನೋಡಿದೆ ಅಷ್ಟೇ.

ಈ ತಂಡ ಡ್ಯೂಟಿ ಸರಿಯಾಗಿ ಹಾಕಿದ್ದನ್ನ ನೋಡಬೇಕಾದರೆ 2025ರ ಜಿರೊ, ಮೇ 31, ಫಿನೆಸ್ತ್ರೆ ಬೆಟ್ಟ. ತಂಡದ ಸೈಮನ್ ಯೇಟ್ಸ್ ಮೂರನೇ ಸ್ಥಾನದಲ್ಲಿ, 1 ನಿಮಿಷ 21 ಸೆಕೆಂಡ್ ಹಿಂದೆ. ಇದೇ ಬೆಟ್ಟದಲ್ಲಿ 2018ರಲ್ಲಿ ಜಿರೊ ಮುನ್ನಡೆಯ ಗುಲಾಬಿ ಜೆರ್ಸಿ ಹಾಕಿಕೊಂಡೇ ಕುಸಿದಿದ್ದವನು. ಈ ಸಲ ಬೆಳಿಗ್ಗೆಯೇ ವಾನ್ ಆರ್ಟ್‌ನನ್ನ ಮುಂದಿನ ಗುಂಪಿನಲ್ಲಿ ಕಳಿಸಿದ್ದರು. ಬೆಟ್ಟದಲ್ಲಿ ಒಟ್ಟು ಪಟ್ಟಿಯ ಮೊದಲ ಇಬ್ಬರು, ಡೆಲ್ ಟೊರೊ ಮತ್ತು ಕರಾಪಾಸ್, ಒಬ್ಬರ ಮುಖ ಒಬ್ಬರು ನೋಡ್ತಾ ಉಳಿದರು. ಯೇಟ್ಸ್ ಮಣ್ಣಿನ ರಸ್ತೆಯಲ್ಲಿ ಒಬ್ಬನೇ ಹೋದ. ಆಚೆ ಕಡೆ ವಾನ್ ಆರ್ಟ್ ಕಾದಿದ್ದ. ಕಣಿವೆಯ ಗಾಳಿಯಲ್ಲಿ ಯೇಟ್ಸ್‌ನನ್ನ ಬೆನ್ನಿಗೆ ಹಾಕಿಕೊಂಡು ಎಳೆದ, ತನ್ನ ಕಾಲು ಖಾಲಿ ಆಗೋವರೆಗೂ. ಯೇಟ್ಸ್ ಜಿರೊ ಗೆದ್ದಿದ್ದು ಸುಮಾರು ನಾಲ್ಕು ನಿಮಿಷದ ಅಂತರದಲ್ಲಿ. ಇಬ್ಬರಲ್ಲಿ ಯಾರಿಗೂ ತನ್ನ ಕೆಲಸ ಏನು ಅಂತ ಅನುಮಾನ ಇರಲಿಲ್ಲ.

"ನೋಡಿದೆಯಾ, ಹೀಗೆ ಹೇಳಿ ಮಾಡಿಸಬೇಕು" ಅಂದೆ.

ಅವತ್ತು ಶನಿವಾರ. ಅಳಿಯ ಆಗಲೇ ಮಾರನೇ ದಿನದ ನಂದಿಗೆ ಬಾಟಲಿ ತೊಳೀತಿದ್ದ.

"ನಾಳೆ ನಿಮ್ಮ ಗುಂಪಿನಲ್ಲಿ ದೇವನಹಳ್ಳಿವರೆಗೆ ಮುಂದೆ ಗಾಳಿಗೆ ಯಾರೋ?"

"ಅದೆಲ್ಲ ಹೋಗ್ತಾ ಹೋಗ್ತಾ ನೋಡ್ಕೋತೀವಿ ಮಾವ" ಅಂದ.